ಏನೂ ಹಾಕದ ಪಟ್ಟಿ

ಹೆಸರುಕಾಳಿನ ಬೆಳೆ ಕಿತ್ತ ಹೊಲದಲ್ಲಿ ನಾವು ಗೂಟ ಬಡಿಯುತ್ತಿದ್ದೆವು. ನವಲಗುಂದದ ಕಡೆಯ ಎರಿ ಭೂಮಿ, ಕಪ್ಪು ಮಣ್ಣು ಅದು. ಮಳೆಯಲ್ಲಿ ಕಾಲಿನ ಚಪ್ಪಲಿ ಕಿತ್ತಿಟ್ಟುಕೊಳ್ಳುವ ಮಣ್ಣು, ಅಂದು ಬಿಸಿಲಿಗೆ ಕಲ್ಲಿನಂತಾಗಿ ಬಿರುಕು ಬಿಟ್ಟಿತ್ತು. ಗೂಟ ಒಳಗೆ ಇಳಿಯಲೊಲ್ಲದು. ಹೊಲದ ಒಡತಿ ಮನೆಯಿಂದ ಹಾರೆ ತಂದು ತಾವೇ ತೂತು ಹಾಕಿಕೊಟ್ಟರು. ಅವರ ಗಂಡ ಬಸ್ ಕಂಡಕ್ಟರ್. ರಜೆ ಸಿಕ್ಕಾಗ ಬಂದು ಹೋಗುವವರು. ಬಿತ್ತುವುದು, ಆಳು ಕರೆಯುವುದು, ಮಾಲು ಮಾರುವುದು ಎಲ್ಲ ಮನೆಯ ಸೊಸೆಯಾದ ಇವರ ತಲೆಯ ಮೇಲೆ. ಊರಿನ ಮಹಿಳಾ ಸಂಘಕ್ಕೂ ಅವರೇ ಮುಂದಾಳು. ಅವರ ಅತ್ತೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಒಡ್ಡಿನ ಮೇಲೆ ಕೂತು, ನಾವು ಕಟ್ಟುತ್ತಿದ್ದ ಕೆಂಪು ದಾರವನ್ನು ನೋಡುತ್ತಿದ್ದರು.

ನನ್ನ ಕೆಲಸ ಮಣ್ಣಿನ ಸೂಕ್ಷ್ಮಜೀವಿಗಳದ್ದು. ಈ ಭಾಗದ ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ರೈತರು ಡಿಎಪಿ ಗೊಬ್ಬರದ ಮೂಲಕ ಹಾಕುವ ರಂಜಕದಲ್ಲಿ ಆ ವರ್ಷದ ಬೆಳೆಗೆ ಸಿಗುವುದು ಸ್ವಲ್ಪ. ಉಳಿದದ್ದನ್ನು ಸುಣ್ಣ ಹಿಡಿದಿಟ್ಟುಕೊಳ್ಳುತ್ತದೆ. ರಂಜಕ ಮಣ್ಣಿನಲ್ಲಿ ಇರುತ್ತದೆ, ಬೇರಿಗೆ ಮಾತ್ರ ಸಿಗುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಆಮ್ಲ ಸ್ರವಿಸಿ ಈ ಹಿಡಿತವನ್ನು ಬಿಡಿಸುತ್ತವೆ. ಆದರೆ ಅವೂ ಏನಾದರೂ ತಿಂದು ಬದುಕಬೇಕು: ತಿಪ್ಪೆಗೊಬ್ಬರ, ಕೊಳೆತ ಎಲೆ, ಸತ್ತ ಬೇರು. ಹತ್ತಿಯ ಕಟ್ಟಿಗೆ ಸುಟ್ಟು, ಮೇಲಿಂದ ಮೇಲೆ ಟ್ರ್ಯಾಕ್ಟರ್ ಹೊಡೆದು, ವರ್ಷಗಟ್ಟಲೆ ತಿಪ್ಪೆಗೊಬ್ಬರ ಕಾಣದ ಹೊಲಗಳಲ್ಲಿ ಅವು ಎಷ್ಟು ಉಳಿದಿವೆ, ಉಳಿದವಕ್ಕೆ ನೆರವು ಕೊಟ್ಟರೆ ಡಿಎಪಿ ಎಷ್ಟು ಇಳಿಸಬಹುದು ಎಂಬುದು ನಮ್ಮ ಪ್ರಶ್ನೆ.

ಅದಕ್ಕಾಗಿ ಹಿಂಗಾರಿ ಕಡಲೆಗೆಂದು ಹೊಲದಲ್ಲಿ ಮೂರು ಉದ್ದನೆಯ ಪಟ್ಟಿ ಗುರುತಿಸಿದ್ದೆವು. ಮೊದಲನೆಯದಕ್ಕೆ ಊರಿನ ರೂಢಿಯಷ್ಟು ಡಿಎಪಿ. ಎರಡನೆಯದಕ್ಕೆ ಅದರ ಅರ್ಧ, ಜೊತೆಗೆ ರಂಜಕ ಕರಗಿಸುವ ಜೀವಾಣು ಲೇಪಿಸಿದ ಬೀಜ. ಮೂರನೆಯದಕ್ಕೆ ಬರೀ ಬೀಜ. ಇದೇ ರೀತಿ ಕುಂದಗೋಳದ ಹತ್ತಿರ ಒಂದು ಹೊಲ, ಅಣ್ಣಿಗೇರಿಯ ಹತ್ತಿರ ಇನ್ನೊಂದು.

"ಈ ಮೂರನೇದಕ್ಕೇನ ಹಾಕ್ತೀರಿ?" ಎಂದು ಅತ್ತೆ ಒಡ್ಡಿನ ಮೇಲಿಂದಲೇ ಕೇಳಿದರು.

"ಅದಕ್ಕೇನೂ ಇಲ್ರಿ ಅಮ್ಮಾರ."

"ಏನೂ ಇಲ್ಲ ಅಂದ್ರ?"

"ಹೋಲಿಸಿ ನೋಡಾಕ ಒಂದು ಖಾಲಿ ಬೇಕ್ರಿ. ಇಲ್ಲಾಂದ್ರ ಗೊಬ್ಬರದಿಂದ ಎಷ್ಟು ಬಂತು, ಮಣ್ಣಿಂದ ಎಷ್ಟು ಬಂತು ತಿಳಿಯೂದಿಲ್ಲ."

"ಮೂರ ಮಂದೀನ ಪಂಕ್ತಿಗೆ ಕುಂದರಿಸಿ ಒಬ್ಬಂಗ ಎಲೀನ ಹಾಕೂದಿಲ್ಲ. ಚಲೋ ಐತಿ ನಿಮ್ಮ ಊಟ."

ಸೊಸೆ ನಕ್ಕರು. "ಪರೀಕ್ಷಾ ರೀ ಅತ್ಯಾರ ಅದು. ಪರೀಕ್ಷಾದಾಗ ಬಾಜೂದವ್ರು ಹೇಳಿಕೊಡಬಾರದಲ್ಲ, ಹಂಗ."

ಅತ್ತೆ ನಗಲಿಲ್ಲ. ನಾನು ಮೂರೂ ಪಟ್ಟಿಗಳಿಂದ ಮಣ್ಣಿನ ಮಾದರಿ ತೆಗೆದು, ಚೀಲಗಳಿಗೆ ಗುರುತು ಹಾಕಿ ಹೊರಟೆ.

ಆಮೇಲೆ ಉಳಿದೆರಡು ಹೊಲಗಳ ಕೆಲಸ, ಪ್ರಯೋಗಾಲಯದ ಕೆಲಸ. ಅಷ್ಟರಲ್ಲಿ ಹೊಲಕ್ಕೆ ಎಡೆಯ ಚರಗ ಚೆಲ್ಲುವ ಸೀಗಿ ಹುಣ್ಣಿಮೆ ಬಂದು ಹೋಯಿತು. ಹಿಂದೆಯೇ ಮಳೆ ಹಿಡಿಯಿತು. ಬೆಣ್ಣಿಹಳ್ಳ ತುಂಬಿ ಆ ಊರಿನ ದಾರಿಯ ಮೇಲೆ ನೀರು ಹರಿಯಿತು. ನೀರು ಇಳಿದು, ಹೊಲ ಕಾಲಿಡುವಷ್ಟು ಆರಿದ ಮೇಲೆ ಬಿತ್ತನೆಯ ದಿನ ನಾನು ಹೋದೆ. ಕುಂಟೆ ಹೊಡೆದ ಹೊಲ ಮೂರೂ ಪಟ್ಟಿಗಳಲ್ಲಿ ಒಂದೇ ಸಮ ಕಾಣುತ್ತಿತ್ತು. ಗೂಟಗಳು ಇದ್ದ ಜಾಗದಲ್ಲೇ ಇದ್ದವು. ಬೆಲ್ಲದ ನೀರಿನಲ್ಲಿ ಜೀವಾಣು ಪುಡಿ ಕಲೆಸಿ ಬೀಜಕ್ಕೆ ಹಚ್ಚಿ, ಬೇವಿನ ನೆರಳಿನಲ್ಲಿ ಒಣಗಿಸಿ, ಕೂರಿಗೆಯಲ್ಲಿ ಬಿತ್ತಿಸಿದೆ. ಖಾಲಿ ಪಟ್ಟಿಯನ್ನು ಮೊದಲು ಬಿತ್ತಿಸಿದೆ, ಕೂರಿಗೆಗೆ ಅಂಟಿದ ಗೊಬ್ಬರ ಅದಕ್ಕೆ ಹೋಗಬಾರದೆಂದು. ಅಷ್ಟು ಎಚ್ಚರ ವಹಿಸಿದ್ದೆ.

ಕಡಲೆ ಕವಲೊಡೆಯುವ ಹೊತ್ತಿಗೆ ಮೂರನೆಯ ಪಟ್ಟಿ ಮುಂದಿತ್ತು. ಎಲೆ ಕಡುಹಸಿರು, ಗಿಡ ಅಗಲ, ಬೇರಿನ ಗಂಟುಗಳು ದಪ್ಪ, ಒಡೆದರೆ ಒಳಗೆ ಕೆಂಪು. ಡಿಎಪಿ ಹಾಕಿದ ಪಟ್ಟಿಗಿಂತ ಏನೂ ಹಾಕದ ಪಟ್ಟಿ ಚೆನ್ನಾಗಿತ್ತು. ನಾನು ಮಾದರಿ ತಂದು ಪರೀಕ್ಷೆಗೆ ಇಟ್ಟೆ. ಕರಗದ ರಂಜಕ ಬೆರೆಸಿದ, ಹಾಲಿನಂತೆ ಬಿಳಿಯಾದ ಮಾಧ್ಯಮವನ್ನು ಗಾಜಿನ ತಟ್ಟೆಗಳಲ್ಲಿ ಹೊಯ್ದು, ಅದರ ಮೇಲೆ ಮಣ್ಣಿನ ತಿಳಿಯನ್ನು ಹಚ್ಚುತ್ತೇವೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಬೆಳೆದ ಕಡೆ ಅದರ ಸುತ್ತ ಬಿಳುಪು ಕರಗಿ, ಗಾಜಿನಂಥ ಉಂಗುರ ಮೂಡುತ್ತದೆ. ಮೊದಲ ಪಟ್ಟಿಯ ತಟ್ಟೆಗಳಲ್ಲಿ ಉಂಗುರ ಅಲ್ಲೊಂದು ಇಲ್ಲೊಂದು. ಮೂರನೆಯದರಲ್ಲಿ ಒಂದಕ್ಕೊಂದು ತಾಗುವಷ್ಟು. ತಟ್ಟೆಯನ್ನು ಬೆಳಕಿಗೆ ಹಿಡಿದರೆ ಬಿಳಿ ಹಾಳೆಗೆ ಮಳೆಹನಿ ಬಿದ್ದಂತೆ ಕಾಣುತ್ತಿತ್ತು. ಬೇರಿಗೆ ಸಿಗುವ ರಂಜಕದ ಅಳತೆಯೂ ಅಲ್ಲಿಯೇ ಹೆಚ್ಚು ಬಂತು.

ಕುಂದಗೋಳ, ಅಣ್ಣಿಗೇರಿಯ ಖಾಲಿ ಪಟ್ಟಿಗಳು ಹೀಗಿರಲಿಲ್ಲ. ಅಲ್ಲಿ ಗಿಡ ಗಿಡ್ಡ, ಎಲೆ ಮಂಕು. ನಮ್ಮ ಹಿರಿಯ ವಿಜ್ಞಾನಿ ಅದನ್ನು ನೋಡಿ, ಮಣ್ಣಿನಿಂದ ಮಣ್ಣಿಗೆ ವ್ಯತ್ಯಾಸ ಇದ್ದೇ ಇರುತ್ತದೆ ಎಂದರು. ಹಳೆಯ ಡಿಎಪಿಯೆಲ್ಲ ನವಲಗುಂದದ ಆ ಹೊಲದಲ್ಲಿ ಕೂತಿರಬೇಕು, ಹೊಸದು ಹಾಕುವುದನ್ನು ನಿಲ್ಲಿಸಿದ ಕೂಡಲೇ ಜೀವಾಣುಗಳು ಅದನ್ನು ಬಿಡಿಸುತ್ತಿರಬೇಕು ಎಂಬುದು ಅವರ ಊಹೆ. ಆಗದ ಮಾತೇನಲ್ಲ. ನನಗೂ ಅದು ನಿಜವಾಗಲಿ ಎನಿಸಿತ್ತು. ಕಾಯಿ ಕಟ್ಟುವ ಹೊತ್ತಿಗೆ ರೈತರನ್ನು ಕರೆದು ಅದೇ ಹೊಲದಲ್ಲಿ ಕ್ಷೇತ್ರೋತ್ಸವ ಮಾಡುವುದೆಂದು ನಿಶ್ಚಯವಾಯಿತು.

ಆದರೆ ಊರು ಕ್ಷೇತ್ರೋತ್ಸವಕ್ಕೆ ಕಾಯಲಿಲ್ಲ. ಹೊಲ ರಸ್ತೆಯ ಬದಿಗೇ ಇತ್ತು. ಹೋಗಿ ಬರುವವರೆಲ್ಲ ನಿಂತು ನೋಡುತ್ತಿದ್ದರು. ಒಂದು ಮಧ್ಯಾಹ್ನ ಸೊಸೆ ನನ್ನನ್ನು ಕಟ್ಟೆಗೆ ಕೂರಿಸಿ ಚಹಾ ಕೊಟ್ಟು ಹೇಳಿದರು: "ಮೇಡಮ್ಮಾರ, ನಿನ್ನಿ ಸಂಘದ ಕೂಟದಾಗ ಮಾತ ಮುಗಿಸಿಬಿಟ್ಟೆ. ಮುಂಗಾರಿಗೆ ನಮ್ಮ ಸಂಘದವ್ರು ಯಾರೂ ಸೊಸೈಟಿ ಮುಂದ ಡಿಎಪಿಗೆ ಪಾಳಿ ಹಚ್ಚೂದಿಲ್ಲ. ಮುಂಜಾನಿಂದ ಸಂಜಿತನಾ ಚಪ್ಪಲಿ ಇಟ್ಟು ಪಾಳಿ ಕಾದು ಕಾದು ಸಾಕಾಗೇತಿ."

"ಒಪ್ಪಿದ್ರೇನ್ರಿ ಎಲ್ಲಾರೂ?"

"ಕಣ್ಣಿಗೆ ಕಾಣಾಕತ್ತೇತಲ್ರಿ. ಒಬ್ಬಾಕಿ ಅಂದ್ಲು, ಬೆಳಿ ಬರಲಿಲ್ಲಂದ್ರ ನನ್ನ ಗಂಡ ನನ್ನ ಮನಿ ಒಳಗ ಕರಕೊಳ್ಳೂದಿಲ್ಲ ಅಂತ. ನಾ ಅಂದೆ, ನಮ್ಮನಿಗೆ ಬಾರವ್ವಾ, ನಾ ಹಾಕ್ತೇನಿ ಊಟಾ." ಅವರು ಜೋರಾಗಿ ನಕ್ಕರು. ಸಂಘದ ಎಷ್ಟೋ ಮನೆಗಳ ಮುಂಗಾರಿನ ಬೆಳೆ ಈಗ ಅವರ ಮಾತಿನ ಮೇಲೆ ನಿಂತಿತ್ತು. ಅವರ ಮಾತು ಆ ಪಟ್ಟಿಯ ಮೇಲೆ.

ಕ್ಷೇತ್ರೋತ್ಸವಕ್ಕೆ ಎರಡು ದಿನ ಮೊದಲು, ಪ್ರದರ್ಶನಕ್ಕೆ ಗಿಡ ಸಿದ್ಧ ಮಾಡಲು ಹೋದೆ. ಬೇರು ಹರಿಯದಂತೆ ಗಿಡದ ಸುತ್ತ ಸಲಿಕೆಯಿಂದ ಕತ್ತರಿಸಿ, ಮಣ್ಣಿನ ಗಡ್ಡೆಯ ಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ನೆನೆಯಿಡಬೇಕು. ಮಣ್ಣು ತಾನಾಗಿ ಬಿಟ್ಟುಕೊಳ್ಳುತ್ತದೆ. ಮೊದಲ ಎರಡು ಪಟ್ಟಿಗಳ ಗಿಡ ತೊಳೆದೆ. ಮೂರನೆಯ ಪಟ್ಟಿಯ ಗಡ್ಡೆ ನೀರಿಗೆ ಇಳಿಸಿ, ಕೈ ಒರೆಸಿಕೊಂಡು ತಿರುಗಿ ನೋಡಿದಾಗ ನೀರಿನ ಮೇಲೆ ಕಪ್ಪಗಿನ ಏನೋ ತೇಲುತ್ತಿತ್ತು. ಒಂದೆರಡಲ್ಲ. ಒಂದನ್ನು ತೆಗೆದು ಬೆರಳಿನಲ್ಲಿ ಒತ್ತಿದೆ. ಹೊರಗಿನ ಸಿಪ್ಪೆ ಒಡೆದು ಒಳಗೆ ಹುಲ್ಲಿನ ನಾರು ಕಂಡಿತು. ಕುರಿಯ ಹಿಕ್ಕೆ.

ದಾರಿಯಲ್ಲಿ ಹೋಗುವ ಕುರಿ ನಾಲ್ಕು ಹಿಕ್ಕೆ ಹಾಕಿರಬಹುದು ಎಂದುಕೊಂಡು ಪಟ್ಟಿಯ ಇನ್ನೊಂದು ತುದಿಗೆ ಹೋಗಿ ಅಗೆದೆ. ಅಲ್ಲಿಯೂ ಅದೇ. ನಡುವೆ ಅಗೆದೆ. ಅಲ್ಲಿಯೂ. ಆಗ ಒಡ್ಡಿನ ಮೇಲೆ ನಿಂತು, ಮೊದಲೇ ನೋಡಬೇಕಿದ್ದುದನ್ನು ನೋಡಿದೆ. ಕಡುಹಸಿರು ನಮ್ಮ ಕೆಂಪು ದಾರದ ಗೆರೆಯಲ್ಲಿ ನಿಂತಿರಲಿಲ್ಲ. ಒಂದು ಕಡೆ ದಾರ ದಾಟಿ ಕಾಲುದಾರಿಯ ಅಂಚಿನವರೆಗೆ ಬಂದಿತ್ತು. ಇನ್ನೊಂದು ಕಡೆ ಗೂಟಕ್ಕಿಂತ ಮೊದಲೇ ಮುಗಿದಿತ್ತು. ಆ ಹಸಿರಿಗೆ ಅದರದೇ ಮೂಲೆಗಳಿದ್ದವು. ಬಲೆ ಕಟ್ಟಿ ರಾತ್ರಿ ಕುರಿ ತರುಬಿದ ಹಟ್ಟಿಯ ಮೂಲೆಗಳು.

ಬಕೆಟ್ಟಿನ ನೀರನ್ನು ಚೆಲ್ಲದೆ ಹಾಗೆಯೇ ಇಟ್ಟು ಮನೆಗೆ ಹೋದೆ. ಸೊಸೆ ಹಿಟ್ಟು ನಾದುತ್ತಿದ್ದರು. ಅತ್ತೆ ಬಾಗಿಲ ಬದಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಸೊಸೆಯನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಕೇಳದವರಿಂದ ಉತ್ತರ ಬಂತು.

"ನಾ ಹಾಕ್ಸೇನಿ. ಏನೀಗ?"

"ಅತ್ಯಾರ!" ಎಂದರು ಸೊಸೆ.

"ಯಾವಾಗ್ರಿ ಅಮ್ಮಾರ?"

"ಸೀಗಿ ಹುಣ್ಣಿವಿಗೆ ಚರಗಾ ಚೆಲ್ಲಾಕ ಹೋಗಿದ್ವಿ. ಬಾಜೂ ಹೊಲದಾಗ ಕುರಿಯವ್ರು ಇಳಿದಿದ್ರು. ಹಟ್ಟಿ ಈ ಕಡಿ ಸರಸ್ರಪಾ, ಈ ಗೂಟದ ನಡುವ ಹಾಕ್ರಿ ಅಂದೆ. ಮೂರ ರಾತ್ರಿ ನಿಂತ್ರು, ಈಕಿ ಆಗ ತವರಮನ್ಯಾಗ ಇದ್ಲು. ಆಮ್ಯಾಲ ಕುಂಟಿ ಹೊಡಿಸಿದೆ."

"ಅಲ್ಲೇನೂ ಹಾಕಬಾರದು ಅಂತ ಹೇಳಿದ್ದೆನಲ್ರಿ."

"ಹೇಳಿದ್ರಿ. ಕೇಳಿದ್ದೆ. ಸೀಗಿ ಹುಣ್ಣಿವಿಗೆ ಹೊಲಾ ಬಸರ ಇರತೈತಿ. ಊರಾಗಿನ ಹೊಲಕ್ಕೆಲ್ಲಾ ಉಣ್ಣಾಕ ಹಾಕಿ, ನಂದರಾಗ ಒಂದ ತುಂಡ ಹಸದ ಕುಂದರಲಿ ಅನ್ನಾಕ ನನಗ ಮನಸ ಬರಲಿಲ್ಲ." ಅವರ ದನಿಯಲ್ಲಿ ಅಳುಕಿರಲಿಲ್ಲ. "ಬೆಳಿ ಚಲೋ ಬಂತಿಲ್ಲೋ? ಮತ್ತೇನ ತ್ರಾಸ?"

ಏನು ತ್ರಾಸವೆಂದು ಅವರಿಗೆ ಹೇಳಬೇಕಾದವಳು ನಾನು. ಆದರೆ ಸೊಸೆಗೆ ಆಗಲೇ ತಿಳಿದಿತ್ತು. ಹಿಟ್ಟಿನ ಕೈ ಪರಾತದಲ್ಲೇ ನಿಂತಿತ್ತು. "ಸಂಘದಾಗಿನ ಅಷ್ಟೂ ಮಂದಿಗೆ ಹೇಳೇನ್ರಿ ನಾ," ಎಂದರು. "ಏನೂ ಹಾಕದನ ಬರತೈತಿ ಅಂತ ಹೇಳೇನಿ."

ಹೊರಗೆ ಬಂದು ಹಿರಿಯ ವಿಜ್ಞಾನಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಹಂಗಾರ ಆ ಪಟ್ಟಿ ತೋರಿಸೂದು ಬ್ಯಾಡ. ಅದರ ಫಲಕ ಕೀಳಸ್ರಿ. ಉಳಿದ ಎರಡ ತೋರಿಸಿ ಮುಗಸೂಣು," ಎಂದರು.

"ಅವ್ರು ಆಗ್ಲೇ ನೋಡ್ಯಾರ ಸರ್. ದಿನಾ ನೋಡ್ತಾರ. ನಾವು ಸುಮ್ಮನಾದ್ರ ಅವ್ರು ನೋಡಿದ್ದನ್ನ ನಂಬ್ತಾರ."

"ಹೇಳಿದ್ರ ಆ ಮನಿಯವ್ರನ್ನ ಮಂದಿ ಮುಂದ ನಿಲ್ಲಿಸಿದಂಗ ಆಗತೈತಿ. ಅದನ್ನೂ ವಿಚಾರ ಮಾಡ್ರಿ." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. "ನೀವ ಅಲ್ಲಿದ್ದೀರಿ. ನೀವ ನಿರ್ಧಾರ ಮಾಡ್ರಿ," ಎಂದು ಫೋನ್ ಇಟ್ಟರು.

ನಾನು ಹೊಲಕ್ಕೆ ಮರಳಿ, ಆ ಹಸಿರಿನ ಅಂಚು ಹಿಡಿದು ಒಂದು ಸುತ್ತು ನಡೆದೆ. ಕುರಿಯ ಹಿಕ್ಕೆಯಲ್ಲೂ ಮೂತ್ರದಲ್ಲೂ ಸಾರಜನಕ ಇದೆ, ಹಿಕ್ಕೆಯಲ್ಲಿ ರಂಜಕವೂ ಇದೆ. ಜೀವಾಣುಗಳಿಗೆ ಬೇಕಾದ ಆಹಾರ ಅದರಲ್ಲಿ ಬಹಳ. ತಟ್ಟೆಯಲ್ಲಿ ಕಂಡ ಉಂಗುರಗಳು ಸುಳ್ಳಲ್ಲ. ಆದರೆ ಎಷ್ಟು ಕುರಿ, ಎಷ್ಟು ಹಿಕ್ಕೆ, ಯಾವುದರಿಂದ ಎಷ್ಟು ರಂಜಕ ಬಂತು, ಒಂದನ್ನೂ ಹೇಳುವಂತಿರಲಿಲ್ಲ. ಹೇಳಬಹುದಾದದ್ದು ಒಂದೇ: ಈ ಪಟ್ಟಿ ಖಾಲಿ ಅಲ್ಲ. ಆ ಒಂದು ಮಾತನ್ನು ಹೇಳದೆ ಬಿಟ್ಟರೆ ಮುಂಗಾರಿನಲ್ಲಿ ಕುಂದಗೋಳದ ಆ ಮಂಕು ಪಟ್ಟಿಯಂಥ ಹೊಲಗಳು ಈ ಊರಿನಲ್ಲಿ ಎಷ್ಟಾಗುತ್ತವೆ ಎಂದು ಯೋಚಿಸಿದೆ. ಹೇಳುವುದೇ ಎಂದು ತೀರ್ಮಾನಿಸಿದೆ. ಅತ್ತೆಯ ಹೆಸರು ಎತ್ತದೆ ಹೇಳುತ್ತೇನೆಂದು ಸೊಸೆಗೆ ತಿಳಿಸಿದೆ.

ಅವರು ತಲೆ ಅಲ್ಲಾಡಿಸಿದರು. "ನೀವ್ ಹೇಳಬ್ಯಾಡ್ರಿ. ನಾ ಹೇಳ್ತೇನಿ. ನಾ ಹಬ್ಬಿಸಿದ ಮಾತು, ನಾನ ತಿರುಗಿ ತುಗೋಬೇಕು."

ಕ್ಷೇತ್ರೋತ್ಸವದ ದಿನ ಶಾಮಿಯಾನಾ ತುಂಬಿತ್ತು. ಸಂಘದ ಹೆಂಗಸರು ಮುಂದೆ, ಗಂಡಸರು ಹಿಂದೆ, ಅತ್ತೆ ಒಂದು ಬದಿಯಲ್ಲಿ ಕುರ್ಚಿಯ ಮೇಲೆ. ಸೊಸೆ ಎದ್ದು ಮೈಕು ಬೇಡವೆಂದರು. "ಆ ಮೂರನೇ ಪಟ್ಟಿ ಖಾಲಿ ಅಂತ ನಿಮಗೆಲ್ಲಾ ಹೇಳಿದ್ದೆ. ಅದು ಖಾಲಿ ಇಲ್ಲ. ನಮ್ಮ ಅತ್ಯಾರು ಅದರಾಗ ಕುರಿ ಹಾಕ್ಸ್ಯಾರ. ನನಗೂ ಗೊತ್ತಿರಲಿಲ್ಲ, ಮೇಡಮ್ಮಾರಿಗೂ ಗೊತ್ತಿರಲಿಲ್ಲ. ಡಿಎಪಿ ಬಿಡೂಣು ಅಂತ ನಾ ಹೇಳಿದ್ದನ್ನ ಮರತಬಿಡ್ರಿ."

ಹಿಂದಿನಿಂದ ಒಬ್ಬರು ಕೂಗಿದರು: "ಯವ್ವಾ, ಅತ್ತಿ ಸೊಸಿ ಕೂಡಿ ಸರಕಾರಕ್ಕ ಟೋಪಿ ಹಾಕಿದ್ರಲ್ಲ!" ನಗೆ ಎದ್ದಿತು. ಸೊಸೆಯ ಮುಖ ಕೆಂಪಾಯಿತು, ಆದರೆ ಅವರು ಕೂರಲಿಲ್ಲ.

ಸಂಘದ ಒಬ್ಬ ಹೆಂಗಸು ನನ್ನ ಕಡೆ ತಿರುಗಿದರು. "ಹಂಗಾರ ಕುರಿ ಹಾಕ್ಸಿದ್ರ ಡಿಎಪಿ ಬ್ಯಾಡಲ್ರಿ?"

"ಅದು ನನಗ ಗೊತ್ತಿಲ್ರಿ."

"ಇಷ್ಟ ಓದಿ ಗೊತ್ತಿಲ್ಲಂತೀರಲ್ರಿ!"

"ಒಂದ ಹೊಲಾ, ಒಂದ ಬೆಳಿ. ಎಷ್ಟ ಕುರಿ ನಿಂತಿದ್ವು ಅನ್ನೂದ ಗೊತ್ತಿಲ್ಲ. ಇದನ್ನ ನೋಡಿ ಗೊತ್ತೈತಿ ಅಂದ್ರ ಹೊಲಾ ನಿಮ್ಮದು ಹೋಗತೈತಿ, ನಂದಲ್ಲ." ಅರ್ಧ ಡಿಎಪಿಯ ಜೊತೆ ಜೀವಾಣು ಕೊಟ್ಟ ಪಟ್ಟಿ ಮೂರೂ ಊರುಗಳಲ್ಲಿ ಪೂರ್ತಿ ಡಿಎಪಿಗಿಂತ ಬಹಳ ಹಿಂದೆ ಬಿದ್ದಿರಲಿಲ್ಲ, ಅದನ್ನು ಬೇಕಾದರೆ ಹೊಲದ ಒಂದು ಮೂಲೆಯಲ್ಲಿ ಮಾಡಿ ನೋಡಿ, ಪೂರ್ತಿ ಹೊಲಕ್ಕಲ್ಲ ಎಂದೆ. ಹೊಲದ ಕಸ ಸುಡಬೇಡಿ ಎಂದೆ. ಅಷ್ಟನ್ನೇ ಹೇಳಲು ಸಾಧ್ಯವಿತ್ತು. ಜನ ಚಹಾ ಕುಡಿದು, ಸ್ವಲ್ಪ ಬೇಸರದಿಂದಲೇ ಚದುರಿದರು.

ಮುಂಗಾರಿಗೆ ಸಂಘದ ಹೆಂಗಸರು ಮತ್ತೆ ಸೊಸೈಟಿಯ ಮುಂದೆ ಪಾಳಿ ನಿಂತರು. ಪಾಳಿಯಲ್ಲಿ ಸೊಸೆಯನ್ನು ಬಹಳ ದಿನ ಕಾಡಿದರಂತೆ: "ಅಕ್ಕಾ, ನೀ ಯಾಕ ಬಂದಿ, ನಿಮ್ಮತ್ತೀನ ಕಳಸೂದಲ್ಲ?" ಅವರೇ ನನಗೆ ಹೇಳಿ ನಕ್ಕರು. ಆ ನಗು ಬರಲು ಸ್ವಲ್ಪ ಕಾಲ ಹಿಡಿದಿತ್ತು.

ಹಿಂಗಾರಿಗೆ ಅದೇ ಮನೆಯವರ ಹೊಲದ ಬೇರೆ ಮಗ್ಗುಲಿನಲ್ಲಿ ಪ್ರಯೋಗ ಮತ್ತೆ ಹಾಕಿದೆವು. ಈ ಸಲ ನಾಲ್ಕು ಪಟ್ಟಿ. ಒಂದರಲ್ಲಿ ಕುರಿಗಳನ್ನು ಎಣಿಸಿ ನಿಲ್ಲಿಸಿದೆವು, ಹಿಕ್ಕೆಯ ಮಾದರಿ ತೂಗಿ ಪರೀಕ್ಷೆಗೆ ಒಯ್ದೆವು. ಖಾಲಿ ಪಟ್ಟಿಗೆ ಜಾಗ ಕೇಳಲು ನಾನೇ ಅತ್ತೆಯ ಎದುರು ಕೂತೆ. ಸಂಘದವರು ಡಿಎಪಿ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಿಧಾನವಾಗಿ ಹೇಳಿದೆ. ಅವರು ಬಹಳ ಹೊತ್ತು ಸೆರಗಿನ ಅಂಚು ಮಡಚುತ್ತಿದ್ದರು. "ಒಂದ ಬೆಳಿ," ಎಂದರು. "ಅಷ್ಟ." ಆ ವರ್ಷ ಸೀಗಿ ಹುಣ್ಣಿಮೆಗೆ ಅವರು ಆ ಕಡೆ ಕಾಲಿಡಲಿಲ್ಲವೆಂದು ಸೊಸೆ ಹೇಳಿದರು.

ಕಡಲೆ ಕೀಳುವ ದಿನ ನಾನು ಅಲ್ಲಿದ್ದೆ. ಕುರಿ ನಿಂತ ಪಟ್ಟಿ ಚೆನ್ನಾಗಿತ್ತು, ಆದರೆ ಹಿಂದಿನ ವರ್ಷದಂತೆ ಡಿಎಪಿಯನ್ನು ಮೀರಿಸಿರಲಿಲ್ಲ. ಯಾಕೆಂದು ಇನ್ನೂ ನೋಡುತ್ತಿದ್ದೇವೆ. ಖಾಲಿ ಪಟ್ಟಿಯ ಗಿಡ ಮೊಣಕಾಲಿಗೂ ಬಂದಿರಲಿಲ್ಲ. ಕವಲು ಕಡಿಮೆ, ಎಷ್ಟೋ ಕಾಯಿ ಒಳಗೆ ಜಳ್ಳು. ಕಿತ್ತು ಹಾಕಿದ ರಾಶಿಯ ಮುಂದೆ ಸೊಸೆ ನಿಂತರು. ಒಂದು ಕಾಯಿ ಒಡೆದು ನೋಡಿದರು, ಇನ್ನೊಂದು ಒಡೆದರು.

"ಎಲ್ಲಾರ ಹೊಲಾನೂ ಹಿಂಗ ಆಗ್ತಿದ್ವಲ್ರಿ ಮೇಡಮ್ಮಾರ," ಎಂದರು.

ಆಗುತ್ತಿದ್ದವು. ಕ್ಷೇತ್ರೋತ್ಸವದ ಮೊದಲಿನ ಆ ಎರಡು ದಿನಗಳು ಬೇರೆ ರೀತಿ ಕಳೆದಿದ್ದರೆ, ಗಿಡ ತೊಳೆಯುವ ಕೆಲಸವನ್ನು ಬೇರೆ ಯಾರಿಗಾದರೂ ವಹಿಸಿದ್ದರೆ ಎಂದು ಆಗಾಗ ಬರುವ ಯೋಚನೆ ಆಗಲೂ ಬಂತು. ಇಂದಿಗೂ ಬರುತ್ತದೆ.

ಕೊನೆಯ ಚೀಲ ತೂಗಿ, ಮಣ್ಣಿನ ಕೊನೆಯ ಮಾದರಿ ಕಟ್ಟಿ, ಗೂಟ ಕೀಳುತ್ತಿದ್ದಾಗ ಅತ್ತೆ ಹೊಲ ದಾಟಿ ನಿಧಾನಕ್ಕೆ ಬಂದರು. ಏನೂ ಹಾಕದೆ ಬಿಟ್ಟಿದ್ದ ಪಟ್ಟಿಯ ನಡುವೆ ನಿಂತು ಸುತ್ತ ನೋಡಿದರು.

"ನಿಮ್ಮದು ಮುಗೀತಿಲ್ರಿ?"

"ಮುಗೀತ್ರಿ ಅಮ್ಮಾರ."

"ಇನ್ನ ಹಾಕಬಹುದಿಲ್ಲೋ?"

"ಹಾಕ್ರಿ."

ಅವರು ಒಡ್ಡಿನ ಕಡೆ ತಿರುಗಿ ಕೈ ಎತ್ತಿದರು. ಆಚೆ ಬದಿಯ ಜಾಲಿಯ ನೆರಳಿನಲ್ಲಿ ಕುರಿಯವರು ಕಾಯುತ್ತ ಕೂತಿದ್ದರು. ನಾನು ಅವರನ್ನು ಆಗ ನೋಡಿದೆ. ಒಬ್ಬ ಎದ್ದು ಬಲೆಯ ಹೊರೆ ಹೆಗಲಿಗೇರಿಸಿದ.